ನಿರುದ್ಯೋಗಿಗಳೇ ಇಲ್ಲದ ಓಣಿ

ನನ್ನ ಝೆರಾಕ್ಸ್ ಅಂಗಡಿ ಮುಚ್ಚಿದ ಮೇಲೆ ಬೈಲಹೊಂಗಲದಲ್ಲಿ ನನ್ನಷ್ಟು ಬಿಡುವಾಗಿದ್ದ ಮನುಷ್ಯ ಇನ್ನೊಬ್ಬನಿರಲಿಲ್ಲ. ಅಂಥ ನನಗೇ ಊರಿನ ನಿರುದ್ಯೋಗಿಗಳನ್ನು ಎಣಿಸುವ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಕೇಳಿ ಮೊಬೈಲಿನಲ್ಲಿ ತುಂಬಬೇಕು. ನಮ್ಮ ಓಣಿಯನ್ನು ಸರಿಯಾಗಿ ಮುಗಿಸಿದರೆ ಕಿತ್ತೂರು, ಸವದತ್ತಿ, ರಾಮದುರ್ಗಕ್ಕೂ ನನ್ನನ್ನೇ ಕಳಿಸುವುದಾಗಿ ಮೇಲಿನ ಸಾಹೇಬರು ಹೇಳಿದ್ದರು. ಈ ವಿಷಯದಲ್ಲಿ ನನಗಿಂತ ಅನುಭವಸ್ಥ ಅವರಿಗೆ ಎಲ್ಲಿ ಸಿಗಬೇಕು?

"ನೀವೊಬ್ಬರ ಹೋದ್ರ ಯಾರೂ ಸರಿಯಾಗಿ ಮಾತಾಡಂಗಿಲ್ಲ. ಈರಪ್ಪ ಕಾಕಾನ್ನ ಕರ್ಕೊಂಡ ಹೋಗ್ರಿ, ಅವರಿಗೆ ಎಲ್ಲಾರ ಮನಿ ಗೊತ್ತದಾವ" ಎಂದಳು ಹೆಂಡತಿ ಗಂಗವ್ವ.

ಕಾಕಾ ಅವರಿಗೆ ಎಲ್ಲರ ಮನೆ ಗೊತ್ತಿರಲು ಕಾರಣವಿತ್ತು. ಸುತ್ತಲಿನ ಹಳ್ಳಿಗಳ ಅರ್ಧ ಮದುವೆಗಳನ್ನು ಕೂಡಿಸಿದವರು ಅವರೇ. ಇದು ನನಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ತಲೆ ಓಡಬೇಕಲ್ಲ! ಬಿಳಿ ಧೋತರ, ಟೊಪ್ಪಿಗೆಯ ಕಾಕಾ ಮುಂದೆ, ಇಸ್ತ್ರಿ ಅಂಗಿಯ ನಾನು ಹಿಂದೆ, ಹೀಗೆ ಹೊರಟೆವು.

ಮೊದಲ ಮನೆ ಶಾಂತಕ್ಕನದು. ಅವಳ ಮಗ ಮಂಜು ಡಿಗ್ರಿ ಮುಗಿಸಿ, ಕೆಲಸ ಸಿಗದೆ ಕಟ್ಟೆಯ ಮೇಲೆ ಕೂತಿರುವುದನ್ನು ನಾನು ದಿನಾ ನೋಡುತ್ತಿದ್ದೆ. ಪಕ್ಕದಲ್ಲಿ ನಾನೂ ಕೂತಿರುತ್ತಿದ್ದೆನಲ್ಲ.

"ನಿಮ್ಮ ಮಗನ ವಯಸ್ಸೆಷ್ಟ್ರಿ? ಎಲ್ಲಿತನಾ ಕಲ್ತಾನ? ಏನ ಕೆಲಸಾ ಮಾಡತಾನ?" ಎಂದು ಗಂಭೀರವಾಗಿ ಕೇಳಿದೆ.

ಶಾಂತಕ್ಕ ನನ್ನನ್ನು ನೋಡಿದಳು. ಕಾಕಾ ಅವರನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಬಿಜಿನೆಸ್ ಮಾಡತಾನ್ರಿ. ಕುಂತ್ರಿ, ಚಾ ಮಾಡತೇನಿ."

ಒಳಗೆ ಕಪಾಟು ಕಿರ್ ಎಂದಿತು. ಮಂಜು ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿಕೊಂಡು ಬಂದು ಕಾಕಾ ಅವರ ಕಾಲಿಗೆ ಬಿದ್ದ. ಹಿಂದೆಯೇ ಅವಲಕ್ಕಿ ಬಂತು.

"ಅಕ್ಕಾ, ಇದು ಬರೇ ಸರ್ವೇ" ಎಂದೆ.

"ಮಾಡಬೇಕಪಾ. ಈಗಿನ ಕಾಲದಾಗ ಪೂರಾ ವಿಚಾರಣಿ ಮಾಡೇ ಹೆಣ್ಣ ಕೊಡಬೇಕು" ಎಂದಳು.

ಕಾಕಾ ಅವಲಕ್ಕಿ ಮುಗಿಸಿ, ರೂಢಿಯಂತೆ "ಹುಡುಗ ಚೊಲೋ ಅದಾನ" ಎಂದುಬಿಟ್ಟರು. ಅಲ್ಲಿಗೆ ನನ್ನ ಸರ್ವೇ ಮುಗಿದ ಹಾಗೆಯೇ. ನಾವು ಎರಡನೆಯ ಮನೆ ಮುಟ್ಟುವ ಮೊದಲೇ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಒಬ್ಬ ಹುಡುಗ ಕಂಪನಿ ಮ್ಯಾನೇಜರನಾದ, ಇನ್ನೊಬ್ಬ ಕಾಂಟ್ರ್ಯಾಕ್ಟರನಾದ. ಯರಗಟ್ಟಿಗೆ ಹೋಗಿದ್ದವನನ್ನು ಫೋನ್ ಮಾಡಿ ಕರೆಸಿದರು. ಎಲ್ಲ ಕಡೆ ಕಪಾಟು ಕಿರ್ ಎನ್ನುತ್ತಿತ್ತು, ಚಹಾ ಕುದಿಯುತ್ತಿತ್ತು. ನನ್ನ ಹೊಟ್ಟೆ ತುಂಬಿತು, ಮೊಬೈಲಿನ ನಿರುದ್ಯೋಗಿಗಳ ಜಾಗ ಖಾಲಿಯೇ ಉಳಿಯಿತು.

ಸಂಜೆ ಸಾಹೇಬರ ಫೋನ್ ಬಂತು.

"ಏನ್ರಿ, ನಿಮ್ಮ ಓಣ್ಯಾಗ ಕೆಲಸಾ ಇಲ್ದಾವ್ರು ಒಬ್ಬರೂ ಸಿಗಲಿಲ್ಲೇನ್ರಿ?"

"ಎಲ್ಲಾರೂ ಭಾಳ ಗಡಿಬಿಡ್ಯಾಗ ಅದಾರ್ರಿ ಸಾಹೇಬ್ರ."

"ಹಂಗಾರ ನೀವಾದ್ರೂ ನಾಳಿಯಿಂದ ಆರಾಮ ಇರ್ರಿ."

ಸರ್ವೇ ವ್ಯರ್ಥವಾಯಿತು ಎನ್ನುವಂತಿಲ್ಲ. ಸಂಪಗಾಂವದ ಒಬ್ಬರಿಗೆ ತಮ್ಮ ಹಿಟ್ಟಿನ ಗಿರಣಿ ನೋಡಿಕೊಳ್ಳುವ ಅಳಿಯ ಬೇಕಾಗಿದ್ದ. ಕಾಕಾ ಮಂಜುವಿನ ಬಿಜಿನೆಸ್ ಎಂಥದ್ದೆಂದು ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿಯೇ ಸಂಬಂಧ ಕೂಡಿಸಿದರು. ಹುಡುಗಿಗೂ ಹುಡುಗ ಒಪ್ಪಿಗೆಯಾದ. ನನಗೆ ನಿಜಕ್ಕೂ ಸಂತೋಷವಾಯಿತು. ನನ್ನಿಂದ ಒಬ್ಬನಿಗೆ ಕೆಲಸ ಸಿಕ್ಕಿತು, ಹೋದದ್ದು ನನ್ನದೊಂದೇ.

ಮುಂದಿನ ವಾರ ಮಧ್ಯಾಹ್ನ ನಾನು ಒಳಗೆ ಮಲಗಿದ್ದೆ. ಬಾಗಿಲಲ್ಲಿ ಯಾವುದೋ ಹುಡುಗಿಯ ದನಿ ಕೇಳಿಸಿತು. ನನ್ನ ಜಾಗಕ್ಕೆ ಬಂದ ಹೊಸ ಸರ್ವೇಯವಳು.

"ನಿಮ್ಮ ಯಜಮಾನ್ರು ಏನ ಕೆಲಸಾ ಮಾಡತಾರ್ರಿ?"

ಗಂಗವ್ವ ಸೆರಗು ಸರಿಮಾಡಿಕೊಂಡ ಬಳೆಯ ಸದ್ದು ಕೇಳಿಸಿತು.

"ಸರ್ವೇದಾಗ ಸಾಹೇಬ್ರ ಅದಾರ. ಕುಂದರ ಬಾ ಯವ್ವಾ, ಚಾ ಮಾಡತೇನಿ."

ನಾನು ಮೆಲ್ಲಗೆ ಎದ್ದು, ಇಸ್ತ್ರಿ ಅಂಗಿಗಾಗಿ ಕಪಾಟು ತೆಗೆದೆ. ಕಿರ್ ಎಂದಿತು.