ಆವಲಪ್ಪನವರ ಜೀಪಿನ ಗಂಟಲು

ವೆಂಕಟರತ್ನಮ್ಮ: ಬೇಡ ಅಂದ್ರೆ ಬೇಡ. ಆ ಬಾಟ್ಲಿ ಮುಚ್ಚಳ ತೆಗೆದ್ರೆ ಇವತ್ತು ಒಲೆ ಹಚ್ಚಲ್ಲ ನಾನು.

ಆವಲಪ್ಪ: ಇದು ಕುಡಿಯೋ ಬಾಟ್ಲಿ ಅಲ್ಲ ಕಣೇ. ಜೀಪಿಗೆ ಹಾಕೋದು. ಡೀಸೆಲ್ ಟ್ಯಾಂಕಿಗೆ ಸುರಿದ್ರೆ ಇಂಜೆಕ್ಟರ್‌ನಲ್ಲಿ ಕಟ್ಟಿರೋ ಕರಿಯೆಲ್ಲಾ ಕರಗೋಗುತ್ತೆ. ಆಮೇಲೆ ಇಂಜಿನ್ ಟಕಟಕ ಅನ್ನಲ್ಲ.

ವೆಂಕಟರತ್ನಮ್ಮ: ಅನ್ಲಿ ಬಿಡಿ. ಅದರ ಬಾಯಿ, ಅದು ಅನ್ನುತ್ತೆ. ನಿಮಗೇನು ಕಷ್ಟ?

ಅಂಬಾಜಿದುರ್ಗದ ಬುಡದ ಊರು. ಆವಲಪ್ಪನವರು ಅಲ್ಲಿನ ಹಾಲಿನ ಸೊಸೈಟಿಯ ಅಧ್ಯಕ್ಷರು. ಭಾನುವಾರ ಮತ್ತೆ ಚುನಾವಣೆ. ಅವರ ಹಳೇ ಡೀಸೆಲ್ ಜೀಪು ಊರಾಚೆಯ ಹುಣಸೆಮರದ ಹತ್ತಿರ ಬಂದಾಗಲೇ ಊರಿಗೆಲ್ಲ ಕೇಳಿಸುತ್ತದೆ. ಬೋರು ಕೊರೆಯುವ ಲಾರಿ ಬಂತೆಂದು ಹೊಸಬರು ಹೊರಗೆ ಬಂದು ನೋಡುವುದೂ ಉಂಟು. ಇಷ್ಟು ವರ್ಷ ಅದೇ ಜೀಪಿನಲ್ಲಿ ಕುಲುಕಾಡಿದ ಅಧ್ಯಕ್ಷರಿಗೆ ಆ ಸದ್ದು ತಮ್ಮ ಘನತೆಗೆ ಕುಂದು ಎಂದು ಈ ವಾರ ಹೊಳೆದಿದೆ.

ಆವಲಪ್ಪ: ಹೋದ ಮೀಟಿಂಗಲ್ಲಿ ಏನಾಯ್ತು ಗೊತ್ತಾ? "ಹಾಲಲ್ಲಿ ಹನಿ ನೀರು ಕಂಡ್ರೂ ಸದಸ್ಯತ್ವ ಕಿತ್ತಾಕ್ತೀನಿ" ಅಂತ ನಾನು ಗುಡುಗಿದ್ರೆ, ಹಿಂದೆ ಜೀಪು ಆಫ್ ಆಗ್ದೆ ಟಕಟಕ ಅಂತಾನೇ ಇತ್ತು.

ವೆಂಕಟರತ್ನಮ್ಮ: ಚಪ್ಪಾಳೆ ಅಂದ್ಕೊಳ್ಳಿ. ಬೇರೆ ಯಾರು ಹೊಡೀತಾರೆ?

ಇಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಗಂಗುಲಪ್ಪ ಬಂದ. ಕರೆಯದೆ ಬರುವವನಲ್ಲ, ಇವತ್ತು ಬಂದಿದ್ದ.

ಗಂಗುಲಪ್ಪ: ಏನಣ್ಣ, ಜೀಪಿಗೆ ಔಷಧಿ ಹಾಕ್ತೀರಂತೆ?

ಆವಲಪ್ಪ: ನಿಂಗ್ಯಾರಪ್ಪ ಹೇಳಿದ್ರು?

ಗಂಗುಲಪ್ಪ: ಊರೆಲ್ಲಾ ಅದೇ ಮಾತು. ಬೇಡ ಅಣ್ಣ. ಸದ್ದಿದ್ರೇನೇ ಗತ್ತು. ಅಧ್ಯಕ್ಷರು ಬರ್ತಾವ್ರೆ ಅಂತ ಜನ ಎದ್ದು ನಿಂತ್ಕೊಳ್ಳೋಕೆ ಟೈಮ್ ಸಿಗುತ್ತೆ.

ವೆಂಕಟರತ್ನಮ್ಮ: ಹಂಗೆ ಹೇಳಣ್ಣ.

ಆವಲಪ್ಪ: ಮೊನ್ನೆ ನಮ್ಮನೆ ಹಾಲಿಗೆ ಫ್ಯಾಟ್ ಕಮ್ಮಿ ಬರೆದ ಅಂತ ನೀನೇ ಇವನ ಮೇಲೆ ಕೂಗಾಡಿದ್ದೆ. ಇವತ್ತು ಇಬ್ಬರದೂ ಒಂದೇ ಮಾತಾ?

ವೆಂಕಟರತ್ನಮ್ಮ: ಅದು ಬೇರೆ, ಇದು ಬೇರೆ.

ಗಂಗುಲಪ್ಪ: ಬಾಟ್ಲಿಯಿಂದ ಏನಾಗುತ್ತೆ ಅಣ್ಣ? ಚಿಂತಾಮಣೀಲಿ ಇಂಜೆಕ್ಟರ್ ಬಿಚ್ಚಿಸಿ ರಿಪೇರಿ ಮಾಡಿಸ್ಬೇಕು. ಚುನಾವಣೆ ಆದ್ಮೇಲೆ ನಿಧಾನಕ್ಕೆ ಮಾಡಿಸಣ.

ವೆಂಕಟರತ್ನಮ್ಮ: ಮುಂದಿನ ಚುನಾವಣೆ ಆದ್ಮೇಲೆ ಮಾಡಿಸಿದ್ರೂ ಆಯ್ತು.

ಆವಲಪ್ಪ: ಅಂಗಡಿಯವನು ಹೇಳವ್ನೆ. ಇದನ್ನ ಸುರಿದು ಪೆರೇಸಂದ್ರದವರೆಗೂ ಒಂದೇ ಸಮ ಓಡಿಸ್ಕೊಂಡು ಬನ್ನಿ, ವಾಪಸ್ ಬರೋವಾಗ ನಿಮ್ಮ ಉಸಿರು ನಿಮಗೇ ಕೇಳಿಸುತ್ತೆ ಅಂದ.

ವೆಂಕಟರತ್ನಮ್ಮ: ಕೇಳಿಸ್ಕೊಂಡು ಏನ್ಮಾಡ್ತೀರಿ? ರಾತ್ರಿಯೆಲ್ಲಾ ಅದನ್ನ ನಾನು ಕೇಳ್ತಾ ಇಲ್ವಾ.

ಆವಲಪ್ಪ: ನೋಡು ಗಂಗುಲಪ್ಪ, ಹಾಲಿಗೂ ಇಂಜಿನ್‌ಗೂ ಒಂದೇ ನ್ಯಾಯ. ಒಳಗೆ ಶುದ್ಧವಾಗಿದ್ರೆ ಹೊರಗೆ ಗಲಾಟೇನೇ ಇರಲ್ಲ.

ಗಂಗುಲಪ್ಪ ವೆಂಕಟರತ್ನಮ್ಮನವರ ಮುಖ ನೋಡಿದ. ಅವರು ಹಸುವಿನ ಮುಖ ನೋಡಿದರು. ಆವಲಪ್ಪನವರು ಬಾಟಲಿಯನ್ನು ಪೂರ್ತಿ ಟ್ಯಾಂಕಿಗೆ ಬಗ್ಗಿಸಿ, ಟಕಟಕ ಎನ್ನಿಸುತ್ತಾ ಪೆರೇಸಂದ್ರದ ದಾರಿ ಹಿಡಿದರು.

ಅಂಗಡಿಯವನು ಅಪರೂಪಕ್ಕೆ ನಿಜ ಹೇಳಿದ್ದ. ಸಂಜೆ ಹಾಲು ಕರೆಯುವ ಹೊತ್ತಿಗೆ ಜೀಪು ಹುಣಸೆಮರ ದಾಟಿ ಊರೊಳಗೆ ಬಂದದ್ದು ಯಾರಿಗೂ ತಿಳಿಯಲಿಲ್ಲ. ನಲ್ಲಿಯ ಹತ್ತಿರ ಒಬ್ಬಾಕೆ ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಇನ್ನೊಬ್ಬ ಕೈಲಿದ್ದ ಚೊಂಬನ್ನು ಬೇಲಿಯಾಚೆ ಎಸೆದು ಕೈಮುಗಿದ. ಜನಕ್ಕೆ ತಮ್ಮ ಮೇಲೆ ಎಷ್ಟು ಗೌರವ ಎಂದು ಆವಲಪ್ಪನವರ ಕಣ್ಣು ತುಂಬಿ ಬಂತು. ಹಾಗೇ ತಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದು ಜೀಪು ನಿಲ್ಲಿಸಿದರು. ಒಳಗೆ ವೆಂಕಟರತ್ನಮ್ಮನವರು ಬೆನ್ನು ಹಾಕಿ ನಿಂತಿದ್ದರು. ನಲ್ಲಿಯ ಪೈಪು ಹಾಲಿನ ಕ್ಯಾನಿನೊಳಗಿತ್ತು.

ಆವಲಪ್ಪ: ರತ್ನಮ್ಮ.

ವೆಂಕಟರತ್ನಮ್ಮ: ಅಯ್ಯೋ, ಯಾವಾಗ ಬಂದ್ರಿ?

ಆವಲಪ್ಪ: ಕ್ಯಾನು ತೊಳೀತಿದ್ದೀಯಾ?

ವೆಂಕಟರತ್ನಮ್ಮ: ಹೂಂ.

ಆವಲಪ್ಪ: ಹಾಲಿರೋವಾಗ್ಲೇ?

ವೆಂಕಟರತ್ನಮ್ಮ: ಸದ್ದಿಲ್ಲದಂಗೆ ಬಂದು ಬೆನ್ನ ಹಿಂದೆ ನಿಂತ್ಕೊಳ್ಳೋದು ಮರ್ಯಾದಸ್ತರು ಮಾಡೋ ಕೆಲ್ಸಾನಾ? ಕಳ್ಳರು ಬರೋದು ಹಂಗೆ.

ಆವಲಪ್ಪ: ಕಳ್ಳ ನಾನಾ? ಅಧ್ಯಕ್ಷನ ಮನೆ ಹಾಲು ಕಣೇ ಇದು.

ವೆಂಕಟರತ್ನಮ್ಮ: ನೀರೂ ಅಧ್ಯಕ್ಷರ ಮನೇದೇ. ಬೇರೆಯವರ ಬೋರಿಂದ ತಂದಿಲ್ಲ.

ಆವಲಪ್ಪ: ಯಾವಾಗಿಂದ ನಡೀತಿದೆ ಇದು?

ವೆಂಕಟರತ್ನಮ್ಮ: ನೀವು ಅಧ್ಯಕ್ಷರಾದಾಗಿಂದ. ಹುಣಸೆಮರದ ಹತ್ರ ಟಕಟಕ ಅಂದ್ರೆ ಪೈಪ್ ತೆಗೀತಿದ್ದೆ. ನಾನೊಬ್ಳೇ ಅಲ್ಲ, ಊರೇ ತೆಗೀತಿತ್ತು.

ಆವಲಪ್ಪನವರು ಹಸುವಿನ ಗೂಟ ಹಿಡಿದುಕೊಂಡು ಕೂತರು.

ಆವಲಪ್ಪ: ಭಾನುವಾರ ಯಾವ ಮುಖ ಇಟ್ಕೊಂಡು ಓಟು ಕೇಳಲಿ? ನನ್ನ ಮನೇಲೇ ಕಲಬೆರಕೆ.

ವೆಂಕಟರತ್ನಮ್ಮ: ಬೆಳಿಗ್ಗೆ ನೀವು ಟ್ಯಾಂಕಿಗೆ ಬೆರೆಸಿದ್ದು ಔಷಧಿ, ಸಾಯಂಕಾಲ ನಾನು ಕ್ಯಾನಿಗೆ ಬೆರೆಸಿದ್ರೆ ಕಲಬೆರಕೆನಾ? ಚೆನ್ನಾಗದೆ ನಿಮ್ಮ ನ್ಯಾಯ.

ಅಷ್ಟರಲ್ಲಿ ಗಂಗುಲಪ್ಪ ಹಾಲಿನ ಗಟ್ಟಿತನ ನೋಡುವ ಲ್ಯಾಕ್ಟೋಮೀಟರನ್ನು ಕೈಲಿ ಹಿಡಿದೇ ಓಡಿ ಬಂದ.

ಗಂಗುಲಪ್ಪ: ಅಣ್ಣ, ಮುಳುಗೋದ್ವಿ. ನಿಮ್ಮ ಜೀಪು ಸದ್ದಿಲ್ಲದೆ ಬೀದೀಲಿ ಹೋಯ್ತು ಅಂತ ಜನ ಹೆದರ್ಕೊಂಡು ಬರೀ ಹಾಲನ್ನೇ ತಂದವ್ರೆ. ಡೈರೀಲಿ ಅರ್ಧಕ್ಕರ್ಧ ಕ್ಯಾನು ಖಾಲಿ. ನಿಮ್ಮೂರ ಹಸುಗಳಿಗೆ ಏನು ಕಾಯಿಲೆ ಅಂತ ಹಾಲಿನ ಲಾರಿಯವನು ಕೇಳ್ತಾವ್ನೆ.

ಆವಲಪ್ಪ: ಆ ಲ್ಯಾಕ್ಟೋಮೀಟರ್ ಇಟ್ಕೊಂಡು ಇಷ್ಟು ದಿನ ನೀನೇನು ಮಾಡ್ತಿದ್ದೆ?

ಗಂಗುಲಪ್ಪ: ನಿಮ್ಮ ಜೀಪು ಕೇಳಿಸಿದ ತಕ್ಷಣ ಪೆಟ್ಟಿಗೆಯಿಂದ ತೆಗೀತಿದ್ದೆ ಅಣ್ಣ. ಒಂದು ದಿನಾನೂ ತಪ್ಪಿಸಿಲ್ಲ.

ಆವಲಪ್ಪ: ಇಬ್ಬರೂ ಸೇರಿ ನನ್ನ ಮಾನ ಕಳೆದ್ರಲ್ಲೋ.

ಗಂಗುಲಪ್ಪ: ಮಾನ ಎಲ್ಲೂ ಹೋಗಲ್ಲ. ಜನ ಒಂದು ತೀರ್ಮಾನಕ್ಕೆ ಬಂದವ್ರೆ. ಜೀಪು ಮೊದಲಿನಂಗೆ ಆದ್ರೆ ಭಾನುವಾರ ನಿಮ್ಮ ಎದುರು ಯಾರೂ ನಿಲ್ಲಲ್ವಂತೆ. ಆಗ್ದಿದ್ರೆ ಕೋನಪ್ಪನ್ನ ಅಧ್ಯಕ್ಷ ಮಾಡ್ತಾರಂತೆ. ಅವನ ಟ್ರ್ಯಾಕ್ಟರ್‌ಗೆ ಸೈಲೆನ್ಸರೇ ಇಲ್ಲ.

ಆವಲಪ್ಪನವರು ಕ್ಯಾನನ್ನು ನೋಡಿದರು, ಜೀಪನ್ನು ನೋಡಿದರು. ಕೋನಪ್ಪ ತಮ್ಮ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಂತೆ ಕಂಡಿರಬೇಕು. ಮೊಬೈಲು ತೆಗೆದು ಬಾಟಲಿ ಕೊಟ್ಟ ಅಂಗಡಿಯವನಿಗೆ ಫೋನು ಮಾಡಿದರು.

ಆವಲಪ್ಪ: ಏನಪ್ಪ, ನಿನ್ನ ಬಾಟ್ಲಿ ಚೆನ್ನಾಗಿ ಕೆಲಸ ಮಾಡ್ತು. ಅಲ್ಲ, ಅದಕ್ಕೇ ಫೋನ್ ಮಾಡ್ದೆ. ಆ ಟಕಟಕ ಭಾನುವಾರದೊಳಗೆ ವಾಪಸ್ ಬರೋಕೆ ಯಾವುದಾದ್ರೂ ಔಷಧಿ ಇದೆಯಾ?

ವೆಂಕಟರತ್ನಮ್ಮನವರು ಕ್ಯಾನಿನಿಂದ ಪೈಪು ಹೊರಗೆ ತೆಗೆದು ಗಂಡನ ಕೈಗೆ ಕೊಟ್ಟರು.

ವೆಂಕಟರತ್ನಮ್ಮ: ಅವನನ್ನೇನು ಕೇಳ್ತೀರಿ? ಡೀಸೆಲ್‌ಗೂ ಸ್ವಲ್ಪ ನೀರು ಬಿಟ್ಟು ನೋಡಿ.