ತೂಬಿನ ಬಳಿಗೆ ತಾನೇ ಹೋಗುವ ದೋಣಿ

ನಮ್ಮೂರ ಕೆರೆಯ ಪಂಚರು ತಮ್ಮ ಹೊಣೆಯನ್ನು ದೇವತೆಯ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದಾರೆ. ಇದು ನನ್ನ ನೇರ ಆರೋಪ. ಬರುವ ಶುಕ್ರವಾರ ನನ್ನ ದೋಣಿಯನ್ನು ಒಡೆದು ಸೌದೆ ಮಾಡಬೇಕೆಂದು ತೀರ್ಮಾನಿಸಿದ್ದಾರೆ. ಅದರ ತಪ್ಪೇನೆಂದು ಒಬ್ಬರೂ ವಿಚಾರಿಸಿಲ್ಲ.

ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ ಮನೆಗೆ ಮರಳಿದವನಿಗೆ ಹುಚ್ಚು ಹಿಡಿಯಲು ಹಲವು ದಾರಿಗಳಿವೆ. ನಾನು ಆರಿಸಿಕೊಂಡದ್ದು ದೋಣಿಯನ್ನು. ಶ್ರೀನಿವಾಸಪುರದಿಂದ ಮಾವಿನ ಹಲಗೆ, ಕೋಲಾರದ ಪೇಟೆಯಿಂದ ಡಾಂಬರು ತಂದು, ಕೊಟ್ಟಿಗೆಯಲ್ಲಿ ಕುಳಿತು ಒಂದು ಮಳೆಗಾಲವೆಲ್ಲ ಬಡಿದೆ. ಹುಟ್ಟು ಹಾಕಬಹುದು, ಗಾಳಿಯಿದ್ದರೆ ಹಾಯಿ ಬಿಚ್ಚಬಹುದು; ಹಾಯಿ ಎಂದರೆ ತಂದೆಯವರ ಎರಡು ಹಳೆಯ ಪಂಚೆ. ಎತ್ತು ಮಾತ್ರ ಅದನ್ನು ಕಂಡು ಮೇವು ಬಿಟ್ಟಿತು. ಕೆರೆಗೆ ಹೊಸದೇನನ್ನು ಇಳಿಸಿದರೂ ಮೊದಲು ಗಂಗಮ್ಮನಿಗೆ ಮಡಿಲಕ್ಕಿ ಇಡುವುದು ಊರ ಪದ್ಧತಿ. ಪದವೀಧರನಾದ ನಾನು ಇಡಲಿಲ್ಲ.

ಮೊದಲ ಸಂಜೆ, ಎಲೆಯೂ ಅಲುಗದ ಹೊತ್ತಿನಲ್ಲಿ, ಹುಟ್ಟುಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದೆ. ಹಾಯಿ ಸತ್ತ ಬಾವಲಿಯಂತೆ ಜೋತುಬಿದ್ದಿತ್ತು. ದೋಣಿ ಮೆಲ್ಲಗೆ ಮೂತಿ ತಿರುಗಿಸಿ, ಕರೆದವರ ಬಳಿ ಹೋಗುವಂತೆ, ಗದ್ದೆಗೆ ನೀರು ಬಿಡುವ ತೂಬಿನ ಕಲ್ಲುಕಂಬಗಳತ್ತ ಹೊರಟಿತು. ಅಲ್ಲಿ ನಿಂತು ಕಂಬವನ್ನು ಟಕ್, ಟಕ್ ಎಂದು ತಟ್ಟತೊಡಗಿತು. ಸ್ವಲ್ಪ ಹೊತ್ತಿಗೆ ತೂಬಿನ ಒಳಗಿನಿಂದಲೂ ತಟ್ಟಿದಂತಾಯಿತು. ಪ್ರತಿಧ್ವನಿಯ ಕುರಿತು ಕಾಲೇಜಿನಲ್ಲಿ ಓದಿದ್ದನ್ನೆಲ್ಲ ನೆನೆಯುತ್ತ, ಬಟ್ಟೆ ಸಮೇತ ಈಜಿ ದಡ ಸೇರಿದೆ.

ತೂಬು ಸೋರುತ್ತಿದೆ, ಅದರ ಸೆಳೆತವೇ ಇದು ಎಂದು ಪಂಚರ ಮುಂದೆ ವಾದಿಸಿದೆ. ತೂಬು ಕಾಯುವ ನೀರಗಂಟಿ ಪಿಳ್ಳಪ್ಪ ನಕ್ಕ. "ತೂಬು ಬಿಗ್ಯಾಗಿ ಮುಚ್ಚೈತೆ ಸಾಮಿ. ಕೆಳಗ್ಗೋಗಿ ಕಾಲ್ವೆ ನೋಡ್ರಿ, ಕಪ್ಪೆ ಕುಡಿಯಾಕೂ ನೀರಿಲ್ಲ."

ಹೋಗಿ ನೋಡಿದೆ. ಕಾಲುವೆ ಒಣಗಿತ್ತು.

"ಅಕ್ಕಿ ಇಟ್ಟಿದ್ರೆ ಆಯಮ್ಮ ಸುಮ್ನಿರ್ತಿದ್ಲು ಕಣಯ್ಯಾ," ಎಂದರು ಹಿರಿಯ ಪಂಚರು. "ಈಗ ನಿನ್ನನ್ನೇ ಕೇಳ್ತಾವ್ಳೆ."

"ನನ್ನನ್ನ ಕೇಳೋಕೆ ಅವಳಿಗೇನು ಹಕ್ಕು?"

"ಹೋಗಿ ಅವಳ್ನೇ ಕೇಳು. ಓದಿರೋನು ನೀನೇ ಅಲ್ವಾ."

ಪಿಳ್ಳಪ್ಪ ಎಳೆದು ತಂದ ದೋಣಿಯನ್ನು ಹುಣಸೆಮರದ ಬೇರಿಗೆ ನಾನೇ ಬಿಗಿದು ಕಟ್ಟಿದೆ. ಬೆಳಿಗ್ಗೆ ಕೆರೆ ಏರಿಯ ಮೇಲಿನಿಂದ ನೋಡಿದರೆ, ಅದು ಮತ್ತೆ ತೂಬಿನ ಬಳಿ ನಿಂತಿತ್ತು. ಹಗ್ಗ ಹರಿದಿರಲಿಲ್ಲ, ಅಚ್ಚುಕಟ್ಟಾದ ಗೃಹಿಣಿಯೊಬ್ಬಳು ಸುತ್ತಿಟ್ಟಂತೆ ಸಿಂಬಿಯಾಗಿ ದೋಣಿಯೊಳಗಿತ್ತು.

ಆದ್ದರಿಂದ ಪಂಚರಲ್ಲಿ ನನ್ನ ವಿಜ್ಞಾಪನೆ: ಶುಕ್ರವಾರಕ್ಕೆ ಮುಂಚೆ, ಹಾಡಹಗಲಿನಲ್ಲಿ, ತೂಬನ್ನು ತೆರೆಸಿ ಪರೀಕ್ಷಿಸಬೇಕು. ಸೋರುತ್ತಿದ್ದರೆ ನೀರು ಎಲ್ಲಿಗೆ ಹೋಗುತ್ತಿದೆಯೆಂದು ಊರಿಗೆ ಉತ್ತರ ಕೊಡಬೇಕು. ಸೋರದಿದ್ದರೆ ಒಳಗಿನಿಂದ ತಟ್ಟುವವರು ಯಾರೆಂದು ತಿಳಿಸಬೇಕು. ಅಲ್ಲಿಯವರೆಗೆ ಆ ದೋಣಿಯನ್ನು ಯಾರೂ ಮುಟ್ಟಕೂಡದು. ನಾನಂತೂ ಮುಟ್ಟುವುದಿಲ್ಲ.