ಉಪಗ್ರಹದ ಗಿಯರು, ನಾಗಪುರದ ಕೂಲರು

೧. ಎಣ್ಣೆ

ಮೊದಲ ದಿನವೇ ಗಿಯರಿಗೆ ಎಣ್ಣೆ ಬಿಟ್ಟೆ. ಮಾಲಕಿ ಕಿರುಚಿದಳು.

"ಕಾಕಾ! ಏನ್ ಮಾಡಿದ್ರಿ?"

"ಎಣ್ಣಿ ಹಾಕಿದೆ. ನಲವತ್ತು ವರ್ಷ ಹಾಕೇನಿ."

ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ನಿವೃತ್ತಿಯ ಮೇಲೆ ನಾಗಪುರದ ಹತ್ತಿರ ಕನ್ಹಾನ್ ಕಡೆ ಇವಳ ಶೆಡ್ಡಿಗೆ ಕೆಲಸಕ್ಕೆ ಬಂದಿದ್ದೆ.

"ಇದು ಉಪಗ್ರಹಕ್ಕ ಹೋಗೂದರಿ. ಮ್ಯಾಲ ಗಾಳಿ ಇಲ್ಲ, ಎಣ್ಣಿ ಹಾರಿಹೋಗತೈತಿ. ಅದಕ್ಕ ಹಲ್ಲಿಗೆ ಒಣ ಲೇಪ ಬಳದೀವಿ."

ಎರಡು ದಿನ ಸ್ಪಿರಿಟ್ಟಿನಲ್ಲಿ ತೊಳೆದೆ. ಆಕೆ ನನ್ನ ಎಣ್ಣೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲು ಹೋದಳು. ತುಕ್ಕು ಹಿಡಿದ ಬೀಗ, ತಿರುಗಲಿಲ್ಲ. ಎಣ್ಣೆ ಬಿಡಲು ನನ್ನನ್ನೇ ಕರೆದಳು.

೨. ಚುಕ್ಕೆ

ಈ ಗಿಯರು ಉಪಗ್ರಹದ ಆಂಟೆನಾ ತಿರುಗಿಸುತ್ತದೆ. ಹಲ್ಲು ಸವೆದರೆ ಆಂಟೆನಾ ಬೇರೆಲ್ಲೋ ನೋಡುತ್ತದೆ. ಪರೀಕ್ಷೆಗೆಂದು ಗಿಯರಿಗೆ ಕನ್ನಡಿ ಕಟ್ಟಿ, ಅದರ ಮೇಲೆ ಬೆಳಕು ಬಿಟ್ಟು, ತಿಂಗಳಿಡೀ ತಿರುಗಿಸಿದೆವು. ಪ್ರತಿ ಸಲ ನಿಂತಾಗ ಬೆಳಕಿನ ಚುಕ್ಕೆ ಗೋಡೆಯ ಮೇಲಿನ ದುಂಡು ಗೆರೆಯೊಳಗೇ ಕೂಡಬೇಕು. ಗೆರೆ ಎಳೆದು ಸಹಿ ಹಾಕಿದವರು ಉಪಗ್ರಹದವರ ಕಡೆಯ ತಪಾಸಣೆಯ ಸಾಹೇಬರು. ಅಳಿಸುವಂತಿಲ್ಲ.

ಒಂದು ಮಧ್ಯಾಹ್ನ ಚುಕ್ಕೆ ಗೆರೆ ದಾಟಿತು. ಮರುದಿನವೂ ದಾಟಿತು.

"ಹಲ್ಲು ಸವದಾವ, ಕಾಕಾ. ಮುಗೀತು." ಆಕೆಯ ಕಣ್ಣು ತುಂಬಿತ್ತು. ಈ ಗಿಯರು ಪಾಸಾಗಿ ಆರ್ಡರ್ ಬರದಿದ್ದರೆ ಶೆಡ್ಡು ಮುಚ್ಚಿ ಸೀತಾಬರ್ಡಿ ಪೇಟೆಯ ತನ್ನ ಬಟ್ಟೆ ಅಂಗಡಿಯಲ್ಲಿ ಕೂಡಬೇಕೆಂದು ಅವಳಪ್ಪ ಹೇಳಿಬಿಟ್ಟಿದ್ದ.

"ಮುಂಜಾನೆ?"

"ಮುಂಜಾನೆ ಬರೋಬರ್ ಕೂಡತೈತಿ."

"ಸವದ ಹಲ್ಲು ರಾತ್ರಿ ಬೆಳಿತಾವೇನು? ನನ್ನವ್ಯಾಕ ಬೆಳೀವಲ್ವು?"

ಎದ್ದು ಹೋಗಿ, ಆ ಗೋಡೆಗೆ ಹೊಸದಾಗಿ ಕೂಡಿಸಿ ಮಧ್ಯಾಹ್ನವಷ್ಟೇ ಹಚ್ಚುತ್ತಿದ್ದ ಕೂಲರ್ ಬಂದ್ ಮಾಡಿದೆ. ತಗಡಿನ ಗೋಡೆ ನಡುಗುವುದನ್ನು ಬಿಟ್ಟಿತು. ಚುಕ್ಕೆ ಗೆರೆಯೊಳಗೆ ಕೂತಿತು.

ಆಕೆ ನಕ್ಕಳು. ಮೇ ತಿಂಗಳಿಡೀ ಕೂಲರ್ ಇಲ್ಲದೆ ಕೂತ ಕೆಲಸಗಾರರು ನಗಲಿಲ್ಲ.

೩. ಸಾಹೇಬರು

ಸಾಹೇಬರು ಬೆಂಗಳೂರಿನಿಂದ ಬಂದರು. ಮಧ್ಯಾಹ್ನ ಎರಡು ಗಂಟೆ. ಅಂಗಿ ಒದ್ದೆ.

"ಕೂಲರ್ ಕೆಟ್ಟಿದ್ಯೇನಮ್ಮಾ?"

ಆಕೆ ಹೂಂ ಅನ್ನುವವಳಿದ್ದಳು. ನಾನು ಹೇಳಿದೆ, "ಕೆಟ್ಟಿಲ್ಲ. ಹಚ್ಚಿದ್ರ ಗ್ವಾಡಿ ನಡಗತೈತಿ."

ಆಕೆ ನನ್ನನ್ನು ನುಂಗುವಂತೆ ನೋಡಿದಳು.

"ಹೌದಾ? ಹಾಕಿ, ನೋಡೋಣ."

ಹಾಕಿದೆ. ಚುಕ್ಕೆ ಹೊರಗೆ. ಬಂದ್ ಮಾಡಿದೆ. ಒಳಗೆ.

"ಇನ್ನೊಂದ್ಸಲ ಹಾಕಿ. ಸರಿಯಾಗಿ ನೋಡ್ಬೇಕು."

ಏಳು ಸಲ ಹಾಕಿಸಿದರು. ಏಳು ಸಲವೂ ಕೂಲರಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ದರು.

ಆಮೇಲೆ ಗಿಯರ್ ಬಿಚ್ಚಿಸಿ, ಭೂತಗನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡಿದರು. ಲೇಪ ಹಾಗೇ ಇತ್ತು. ಕಾಗದ ತೆಗೆದು ಬರೆದರು: ಗಿಯರ್ ಪಾಸ್. ಗೋಡೆ ಫೇಲ್.

ಆರ್ಡರ್ ಅವಳಿಗೇ ಬಂತು.